ಕಂಬಳಿ ರಾಶಿಯ ತುದಿಯಲ್ಲಿ ಕೈಲಾಸ

ಚಳ್ಳಕೆರೆಯಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ವಯಸ್ಸು ಐವತ್ತೆಂಟು. ಶೇಂಗಾ ವ್ಯಾಪಾರವನ್ನು ಮಗನಿಗೆ ಒಪ್ಪಿಸಿಯಾಗಿದೆ. ಪ್ರತಿ ಶ್ರಾವಣದಲ್ಲೂ ಮೊಳಕಾಲ್ಮುರು ತಾಲ್ಲೂಕಿನ ಜಟಂಗಿ ರಾಮೇಶ್ವರ ಬೆಟ್ಟ ಹತ್ತುತ್ತಾರೆ, ನಡುವೆ ಎಲ್ಲೂ ಕೂರುವುದಿಲ್ಲವಂತೆ. 2020ರಿಂದ ನಿಂತೇ ಹೋಗಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರ ಜೂನ್‌ನಲ್ಲಿ ಮತ್ತೆ ಶುರುವಾದ ಸುದ್ದಿ ಓದಿದಾಗಿನಿಂದ ಅವರಿಗೆ ಅದೇ ಧ್ಯಾನ. ‘ಜಟಂಗಿ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುವವನಿಗೆ ಕೈಲಾಸದ ಪರಿಕ್ರಮ ಕಷ್ಟವಾದೀತೇ? ಎಷ್ಟು ತಿಂಗಳು ಮುಂಚಿನಿಂದ ನಡಿಗೆ ಅಭ್ಯಾಸ ಮಾಡಬೇಕು?’ ಎಂದು ಕೇಳಿದ್ದಾರೆ. ಕೊನೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆ: ನಮ್ಮೂರ ಕಂಬಳಿ ಅಲ್ಲಿನ ಚಳಿಗೆ ತಡೆದೀತೇ?

ಕಂಬಳಿಯಿಂದಲೇ ಶುರು ಮಾಡುತ್ತೇನೆ. ಚಳ್ಳಕೆರೆಯಲ್ಲಿ ಮಾರಾಟಕ್ಕೆ ರಾಶಿ ಹಾಕಿದ ಕರಿ ಕಂಬಳಿಗಳನ್ನು ನೀವು ನೋಡಿಯೇ ಇರುತ್ತೀರಿ. ತಳದಲ್ಲಿರುವುದು ಮೇಲಿನವುಗಳ ಭಾರಕ್ಕೆ ಅಮುಕಿಕೊಂಡು ಹಪ್ಪಳವಾಗಿರುತ್ತದೆ. ನಡುವಿನದು ಅಷ್ಟಿಲ್ಲ. ತುದಿಯದು ಉಬ್ಬಿಕೊಂಡು ಹಗುರವಾಗಿ ಕೂತಿರುತ್ತದೆ. ಎಲ್ಲವೂ ಅದೇ ಕುರಿಯ ಉಣ್ಣೆ, ಅದೇ ಹುಣಸೆಬೀಜದ ಗಂಜಿ, ಅದೇ ತೂಕ. ಆದರೂ ತಳದಲ್ಲಿ ಒಂದು ಗೇಣು ಅಳತೆ ಹಿಡಿದರೆ ಹತ್ತು ಕಂಬಳಿ ಸಿಗುವ ಕಡೆ, ತುದಿಯಲ್ಲಿ ಅದೇ ಗೇಣಿಗೆ ಐದು ಸಿಕ್ಕೀತು. ಗಾಳಿಯೂ ಹೀಗೆಯೇ ಪದರದ ಮೇಲೆ ಪದರವಾಗಿ ಭೂಮಿಯ ಮೇಲೆ ರಾಶಿ ಬಿದ್ದಿದೆ. ನಾವು ತಳದಲ್ಲಿ ಬದುಕುವವರು. ನಮ್ಮ ಒಂದೊಂದು ಉಸಿರೂ ಒಂದು ಗೇಣು. ಎತ್ತರಕ್ಕೆ ಹೋದಂತೆ ಗೇಣು ಅಷ್ಟೇ ಇರುತ್ತದೆ, ಅದರೊಳಗಿನ ಕಂಬಳಿ ಕಡಿಮೆಯಾಗುತ್ತದೆ.

ಈ ಹೋಲಿಕೆ ನನ್ನದಲ್ಲ. ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಗಾಳಿಯ ಭಾರವನ್ನು ವಿವರಿಸಲು ಬಳಸಿದ್ದು ಉಣ್ಣೆಯ ರಾಶಿಯನ್ನೇ. ಅವನ ಉಣ್ಣೆಯನ್ನು ನಾನು ಚಳ್ಳಕೆರೆಯಲ್ಲಿ ನೇಯ್ದೆ, ಅಷ್ಟೇ. ಪಾಸ್ಕಲ್‌ಗಿಂತ ಮೊದಲು, 1644ರಲ್ಲಿ, ಇಟಲಿಯ ಟೊರಿಸೆಲ್ಲಿ ಒಂದು ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ ಬಟ್ಟಲಿನಲ್ಲಿ ಬೋರಲು ಹಾಕಿದಾಗ ಪಾದರಸ ಪೂರ್ತಿ ಇಳಿಯದೆ ಸುಮಾರು 76 ಸೆಂಟಿಮೀಟರಿನಲ್ಲಿ ನಿಂತದ್ದನ್ನು ತನ್ನ ಗೆಳೆಯನಿಗೆ ಬರೆದು ತಿಳಿಸಿದ್ದ. ಹೊರಗಿನ ಗಾಳಿಯ ಭಾರವೇ ಅದನ್ನು ಎತ್ತಿ ಹಿಡಿದಿದೆ ಎಂಬುದು ಅವನ ವಾದ. ಹಾಗಿದ್ದರೆ ಬೆಟ್ಟದ ಮೇಲೆ ಪಾದರಸ ಇಳಿಯಬೇಕಲ್ಲ, ಎಂದುಕೊಂಡ ಪಾಸ್ಕಲ್. ಅವನಿಗೆ ಆರೋಗ್ಯ ಸರಿಯಿರಲಿಲ್ಲ, ಇದ್ದದ್ದು ಬಯಲಿನ ಪ್ಯಾರಿಸ್‌ನಲ್ಲಿ. ಬೆಟ್ಟದ ಸೀಮೆಯಲ್ಲಿದ್ದ ಅಕ್ಕನ ಗಂಡ ಫ್ಲೋರಾಂ ಪೆರಿಯೆಗೆ ಕಾಗದ ಬರೆದ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಭಾವ ಊರಿನ ಕೆಲವು ಗಣ್ಯರನ್ನು ಜೊತೆಗೆ ಕರೆದುಕೊಂಡು, ಕೊಳವೆ, ಪಾದರಸ ಹೊರಿಸಿಕೊಂಡು 1,465 ಮೀಟರ್ ಎತ್ತರದ ಪುಯಿ ದ ಡೋಮ್ ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸ ಮೂರಂಗುಲಕ್ಕೂ ಹೆಚ್ಚು ಇಳಿದಿತ್ತು. ನಂಬಿಕೆ ಬಾರದೆ ಐದು ಸಲ, ಬೇರೆ ಬೇರೆ ಕಡೆ ಅಳೆದು ನೋಡಿದರು: ಗುಡಿಯೊಳಗೆ, ಬಯಲಿನಲ್ಲಿ, ಗಾಳಿ ಬೀಸುವಲ್ಲಿ, ಮರೆಯಲ್ಲಿ. ಎಲ್ಲ ಕಡೆಯೂ ಅಷ್ಟೇ. ನನಗೆ ಈ ಕಥೆಯಲ್ಲಿ ಬಹಳ ಪ್ರಿಯವಾದ ಪಾತ್ರ ಬೇರೆಯದು. ಕೆಳಗೆ ಊರಿನ ಮಠದಲ್ಲಿ ಇನ್ನೊಂದು ಕೊಳವೆ ಇಟ್ಟು, ಒಬ್ಬ ಸನ್ಯಾಸಿಯನ್ನು ಅದರ ಮುಂದೆ ಕೂರಿಸಿ ಬಂದಿದ್ದರು. ಅವರು ಬೆಳಗಿನಿಂದ ಸಂಜೆಯವರೆಗೆ ಪಾದರಸವನ್ನೇ ನೋಡುತ್ತ ಕೂತರು. ಅದು ಕದಲಲಿಲ್ಲ. ಇಳಿದದ್ದು ಹವೆ ಬದಲಾಗಿ ಅಲ್ಲ, ಎತ್ತರದಿಂದಲೇ ಎಂದು ಸಾಬೀತಾದದ್ದು ಆ ಸನ್ಯಾಸಿಯ ತಾಳ್ಮೆಯಿಂದ.

ಇದೇ ಪ್ರಯೋಗವನ್ನು ನಮ್ಮಲ್ಲಿ ಮಾಡಿದರೆ? ಚಳ್ಳಕೆರೆ ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸಿನಲ್ಲಿದೆ. ಜಟಂಗಿ ರಾಮೇಶ್ವರದ ತುದಿ ಸುಮಾರು 3,470 ಅಡಿ, ಅಂದರೆ ಸಾವಿರದ ಐವತ್ತು ಚಿಲ್ಲರೆ ಮೀಟರ್. ಪಾದರಸ ಇಳಿಯುವುದು ಮೂರೂವರೆ, ನಾಲ್ಕು ಸೆಂಟಿಮೀಟರ್. ಆ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದನ್ನೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳನ್ನೂ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಶಾಸನ ಬರೆದ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಗಾಂಧಾರದ ಕಡೆಯ ಲಿಪಿ. ಹಿಮಾಲಯದ ಸೆರಗಿನ ಬರಹವನ್ನು ಕೈಯಲ್ಲಿ ಹೊತ್ತು ಮೊಳಕಾಲ್ಮುರಿನ ಬಿಸಿಲಿಗೆ ಬಂದವನ ದಾರಿಯನ್ನು ನಮ್ಮ ಓದುಗರು ಈಗ ತಿರುಗಾ ಹಿಡಿಯಲಿದ್ದಾರೆ ಎಂದು ನೆನೆದರೆ ನನಗೆ ರೋಮಾಂಚನವಾಗುತ್ತದೆ.

ಜಟಂಗಿಯ ತುದಿಯಲ್ಲೂ ಗೇಣಿಗೆ ಒಂಬತ್ತು ಕಂಬಳಿಯ ಹತ್ತಿರ ಸಿಗುತ್ತದೆ. ಅಲ್ಲಿ ಏದುಸಿರು ಬಂದರೆ ಅದು ಮೆಟ್ಟಿಲಿನ ಆಯಾಸ, ಗಾಳಿಯ ಕೊರತೆಯಲ್ಲ. ಕೈಲಾಸದ ಬುಡದ ಊರು ದಾರ್ಚೆನ್ ಇರುವುದು ಸುಮಾರು 4,600 ಮೀಟರಿನಲ್ಲಿ. ಅಲ್ಲಿ ಆರಕ್ಕಿಂತ ಕಡಿಮೆ. ಪರಿಕ್ರಮದ ಎರಡನೆಯ ದಿನ ದಾಟಬೇಕಾದ ಡೋಲ್ಮಾ ಲಾ ಕಣಿವೆಮಾರ್ಗ 5,630 ಮೀಟರ್. ಅಲ್ಲಿ ಐದು. ಸಮುದ್ರ ತೀರದವನ ಉಸಿರಿನ ಅರ್ಧ. ಆಮ್ಲಜನಕದ ಪಾಲು ಅಲ್ಲಿಯೂ ಇಲ್ಲಿಯಂತೆ ಶೇಕಡ 21ರ ಹತ್ತಿರವೇ ಇರುತ್ತದೆ. ‘ಅಲ್ಲಿ ಆಮ್ಲಜನಕ ಶೇಕಡ ಹತ್ತು ಮಾತ್ರ’ ಎಂದು ಹೇಳುವವರು ಪಾಲನ್ನೂ ಒತ್ತಡವನ್ನೂ ಕಲಸಿಬಿಡುತ್ತಾರೆ.

ತೊಂದರೆಯ ಮೂಲ ಆಮ್ಲಜನಕದ ಒತ್ತಡ ತಗ್ಗುವುದೇ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬೆರ್. ಗಾಳಿ ಹೀರಿ ತೆಗೆಯಬಹುದಾದ ಲೋಹದ ಕೋಣೆಯಲ್ಲಿ ತಾನೇ ಕೂತು, ಪ್ರಾಣಿಗಳನ್ನೂ ಕೂರಿಸಿ ಪ್ರಯೋಗ ನಡೆಸಿ 1878ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ಅದಕ್ಕೆ ಮೂರು ವರ್ಷ ಮೊದಲು, 1875ರ ಏಪ್ರಿಲ್‌ನಲ್ಲಿ, ಅವನ ಪರಿಚಯದ ಮೂವರು ‘ಜೆನಿತ್’ ಎಂಬ ಬಲೂನಿನಲ್ಲಿ ಎಂಟು ಸಾವಿರ ಮೀಟರಿಗೂ ಮೇಲೆ ಹೋದರು. ಒಯ್ದಿರುವ ಆಮ್ಲಜನಕ ಸಾಲದೆಂದು ಬೆರ್ ಬರೆದ ಕಾಗದ ತಲುಪುವಷ್ಟರಲ್ಲಿ ತಡವಾಗಿತ್ತು. ಇಬ್ಬರು ಸತ್ತರು. ಬದುಕಿ ಬಂದ ಟಿಸಾಂದಿಯೆ ಹೇಳಿದ ವಿವರ ಕೇಳಿದರೆ ಮೈ ನಡುಗುತ್ತದೆ: ಆಮ್ಲಜನಕದ ಕೊಳವೆ ಕೈಗೆಟಕುವಷ್ಟು ಹತ್ತಿರವಿತ್ತು, ಕೈ ಏಳಲಿಲ್ಲ, ಭಯವೂ ಆಗಲಿಲ್ಲ, ಒಳಗೊಳಗೆ ಸಂತೋಷವೇ ಆಗುತ್ತಿತ್ತು. ಮಿದುಳಿಗೆ ಆಮ್ಲಜನಕ ಸಾಲದಾದಾಗ ಮೊದಲು ಹೋಗುವುದು ತನಗೆ ಏನೋ ಕೆಟ್ಟಿದೆ ಎಂಬ ಅರಿವು. ಯಾತ್ರೆಗೆ ಹೊರಡುವವರು ನೆನಪಿನಲ್ಲಿಡಬೇಕಾದ ಸಂಗತಿ ಇದು.

ಹಾಗಾದರೆ ಅಷ್ಟೊಂದು ಜನ ಡೋಲ್ಮಾ ಲಾ ದಾಟಿ ಬರುವುದು ಹೇಗೆ? ದೇಹಕ್ಕೆ ದಿನ ಕೊಟ್ಟರೆ ಅದು ಹೊಂದಿಕೊಳ್ಳುತ್ತದೆ. ಕುತ್ತಿಗೆಯ ರಕ್ತನಾಳದ ಕವಲಿನಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ಅಂಗವಿದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ ಕೂಡಲೇ ಅದು ಉಸಿರಾಟವನ್ನು ಜೋರು ಮಾಡಿಸುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ಆಗ ಮಿದುಳು ‘ಸಾಕು, ನಿಧಾನಿಸು’ ಎನ್ನುತ್ತದೆ. ಒಂದು ಕಡೆ ಕುತ್ತಿಗೆ ದಬ್ಬುತ್ತದೆ, ಇನ್ನೊಂದು ಕಡೆ ಮಿದುಳು ಹಿಡಿದೆಳೆಯುತ್ತದೆ. ಮೊದಲ ರಾತ್ರಿಗಳಲ್ಲಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಗಾಬರಿಯಿಂದ ಎದ್ದು ಕೂರುವುದು ಇದೇ ಜಗ್ಗಾಟದಿಂದ. ಬಿಡಿಸುವುದು ಮೂತ್ರಪಿಂಡ. ಅದು ಹೆಚ್ಚಿನ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿ ದಾರಿ ಸರಾಗ ಮಾಡುತ್ತದೆ. ಆದರೆ ಅದಕ್ಕೆ ಹಲವು ದಿನ ಬೇಕು. ವೈದ್ಯರು ಬರೆದುಕೊಡುವ ಅಸಿಟಜೋಲಮೈಡ್, ಅಂದರೆ ಡಯಾಮಾಕ್ಸ್ ಮಾತ್ರೆ, ಮೂತ್ರಪಿಂಡದ ಈ ಕೆಲಸವನ್ನೇ ಬೇಗ ಮಾಡಿಸುವಂಥದ್ದು. ಕೆಂಪು ರಕ್ತಕಣ ಹೆಚ್ಚುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ನಿಮ್ಮ ಯಾತ್ರೆ ಅಷ್ಟರಲ್ಲಿ ಮುಗಿದಿರುತ್ತದೆ.

ಕಾಲಿನ ಬಲ, ಮೊದಲಿನ ನಡಿಗೆಯ ಅಭ್ಯಾಸ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ನಮ್ಮ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಏರಿಸಬೇಕಾಯಿತು. ಗಟ್ಟಿಮುಟ್ಟಾದ ಯುವಕರು ತಲೆನೋವು, ವಾಂತಿ, ಉಸಿರುಕಟ್ಟಿನಿಂದ ನೆಲಕಚ್ಚಿದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಅಂಥ 1,925 ಸೈನಿಕರ ವಿವರವನ್ನು 1969ರಲ್ಲಿ ಪ್ರಕಟಿಸಿದರು. ಜಗತ್ತಿನ ಪರ್ವತ ವೈದ್ಯರೆಲ್ಲ ಇಂದಿಗೂ ಉಲ್ಲೇಖಿಸುವ ಅಧ್ಯಯನ ಅದು. ನಮ್ಮ ಶಾಲೆಗಳಲ್ಲಿ ಅದರ ಹೆಸರೂ ಕೇಳಿಬರುವುದಿಲ್ಲ ಎಂಬುದು ನನಗೆ ನೋವಿನ ವಿಷಯ. ಹ್ಯಾಕೆಟ್ ಮತ್ತು ರೆನಿ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎವರೆಸ್ಟ್ ದಾರಿಯ ಫೆರಿಚೆಯಲ್ಲಿ ಪರೀಕ್ಷಿಸಿದ 278 ಚಾರಣಿಗರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಎತ್ತರದ ಕಾಯಿಲೆ ಇತ್ತು. ವಿಮಾನದಲ್ಲಿ ಬಂದಿಳಿದವರಿಗೆ ನಡೆದು ಬಂದವರಿಗಿಂತ ಹೆಚ್ಚು.

ಆದ್ದರಿಂದ ಚಳ್ಳಕೆರೆಯ ಹಿರಿಯರೇ, ಮೊದಲು ಹಿಡಿಯಬೇಕಾದದ್ದು ಕ್ಯಾಲೆಂಡರ್. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಹೆಚ್ಚಿಗೆ ಅದೇ ಎತ್ತರದಲ್ಲಿ ತಂಗಬೇಕು. ಹಗಲು ಎಷ್ಟು ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಯ ಲಿಪುಲೇಖ್ ದಾರಿಯಲ್ಲಿ ಧಾರ್ಚುಲಾ, ಗುಂಜಿ, ನಾಭಿಢಾಂಗ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವುದಿದೆ. ಗುಂಜಿಯಲ್ಲಿ ತಂಗಿಸಿ ಮತ್ತೊಮ್ಮೆ ಆರೋಗ್ಯ ತಪಾಸಣೆ ಮಾಡುತ್ತಾರೆ. ನಾಥು ಲಾ ದಾರಿಯಲ್ಲೂ ಶೆರಥಾಂಗ್‌ನಂಥ ಎಡೆಯಲ್ಲಿ ನಿಲ್ಲಿಸಿ ಹೊಂದಿಸಿ ಕಳಿಸುತ್ತಾರೆ. ಯಾತ್ರಿಕರಿಗೆ ಬೇಸರ ತರಿಸುವ ಈ ತಂಗುವಿಕೆಯೇ ಅದರ ಬೆಲೆ. ನೇಪಾಳದ ಮೂಲಕ ಹೋಗುವ ಖಾಸಗಿ ಪ್ಯಾಕೇಜುಗಳಲ್ಲಿ ಬಯಲಿನ ನೇಪಾಳ್‌ಗಂಜ್‌ನಿಂದ ಸುಮಾರು 2,900 ಮೀಟರಿನ ಸಿಮಿಕೋಟ್‌ಗೆ ಪುಟ್ಟ ವಿಮಾನ, ಅಲ್ಲಿಂದ ಹಿಲ್ಸಾಗೆ ಹೆಲಿಕಾಪ್ಟರ್. ‘ಕಡಿಮೆ ದಿನ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಜಾಹೀರಾತು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. 2018ರ ಜುಲೈನಲ್ಲಿ ಹವೆ ಕೆಟ್ಟು ವಿಮಾನ ನಿಂತಾಗ ಸಿಮಿಕೋಟ್, ಹಿಲ್ಸಾಗಳಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯರು ಸಿಕ್ಕಿಬಿದ್ದರು, ಅವರಲ್ಲಿ ಕನ್ನಡಿಗರೂ ಬಹಳ. ಬೇಗ ಏರಿಸುವ ದಾರಿಯೇ ಬೇಗ ಇಳಿಸಲಾರದ ದಾರಿಯೂ ಆಗಿತ್ತು.

ಇಳಿಯುವುದು ಯಾಕೆ ಮುಖ್ಯ ಎಂದರೆ, ಕಾಯಿಲೆ ಬಲಿತಾಗ ಅದೇ ಮದ್ದು. ಬರೀ ತಲೆನೋವಾದರೆ ಅಲ್ಲೇ ನಿಂತು ಕಾಯಬಹುದು. ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ, ಕೆಮ್ಮಿನಲ್ಲಿ ನೊರೆ ಬಂದರೆ ಶ್ವಾಸಕೋಶಕ್ಕೆ ನೀರಿಳಿದಿದೆ. ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿದೆ. ಆಗ ಬೆಳಗಾಗಲಿ ಎಂದು ಕಾಯಬಾರದು. ಆದರೆ ಯಾತ್ರಿಕರು ಹೇಳುವುದೇ ಇಲ್ಲ. ನಮ್ಮ ದೊಡ್ಡಮ್ಮ ದಾರ್ಚೆನ್‌ನಲ್ಲಿ ಎರಡು ರಾತ್ರಿ ವಾಂತಿಯನ್ನು ಮುಚ್ಚಿಟ್ಟರು, ವಾಪಸ್ ಕಳಿಸಿಬಿಟ್ಟಾರೆಂಬ ಹೆದರಿಕೆಗೆ. ಮೂರನೆಯ ಬೆಳಿಗ್ಗೆ ಜೊತೆಯವರು ಅವರ ನಡಿಗೆ ತೂರಾಡುವುದನ್ನು ಕಂಡು ಕೆಳಗಿಳಿಸಿದರು. ಸಂಜೆಗೆ ಎದ್ದು ಗಂಜಿ ಕುಡಿದರು. ನೇಪಾಳದ ಗೋಸಾಯಿಂಕುಂಡ ಸರೋವರದ ಯಾತ್ರಿಕರಲ್ಲಿ ಶೇಕಡ 68 ಮಂದಿಗೆ ಎತ್ತರದ ಕಾಯಿಲೆ ಕಂಡುಬಂದಿತ್ತು, ಅವರು ಹುಣ್ಣಿಮೆ ಹಬ್ಬದ ತಿಥಿಗೆ ತಲುಪಬೇಕೆಂದು ಓಡೋಡಿ ಏರುವವರು. ಹರಕೆಗೆ ತಿಥಿಯಿದೆ, ಮೂತ್ರಪಿಂಡಕ್ಕೆ ಪಂಚಾಂಗ ಗೊತ್ತಿಲ್ಲ.

ಪಚ್ಚಕರ್ಪೂರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂಸಿದರೆ ಮೂಗಿನ ನರಕ್ಕೆ ತಂಪೆನಿಸಿ ದಾರಿ ತೆರೆದಂತಾಗುತ್ತದೆ, ರಕ್ತಕ್ಕೆ ಆಮ್ಲಜನಕ ಒಂದು ಚೂರೂ ಹೆಚ್ಚುವುದಿಲ್ಲ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷದ ಸರಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಐದು ಸಾವಿರ ಮೀಟರಿನಲ್ಲಿ 80ರ ಆಸುಪಾಸು ತೋರಿಸಿದರೆ ಗಾಬರಿ ಬೇಡ, 90 ತೋರಿಸಿತೆಂದು ತಲೆನೋವನ್ನು ಕಡೆಗಣಿಸುವುದೂ ಬೇಡ. ನಡಿಗೆ ಅಭ್ಯಾಸ ಖಂಡಿತ ಮಾಡಿ. ಪರಿಕ್ರಮ 52 ಕಿಲೋಮೀಟರ್, ಡೋಲ್ಮಾ ಲಾ ದಾಟುವ ದಿನ ಸುಮಾರು ಇಪ್ಪತ್ತು ಕಿಲೋಮೀಟರ್ ನಡೆಯಬೇಕು, ಮಂಡಿಗೆ ಅದು ಬೇಕು. ಸರ್ಕಾರದ ಯಾತ್ರೆಗೆ ವಯಸ್ಸು 18ರಿಂದ 70, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 25 ಮೀರಬಾರದು.

ಇನ್ನು ಕಂಬಳಿ. ಕಂಬಳಿ ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಗಾಳಿಯೇ ಅರ್ಧವಾದ ಊರಿನಲ್ಲಿ ಕಂಬಳಿಯ ಬಿಸುಪೂ ಅರ್ಧವಾದೀತೆಂದು ಅನ್ನಿಸಬಹುದು. ಆಗುವುದಿಲ್ಲ. ಗಾಳಿ ತೆಳುವಾದರೆ ಶಾಖ ಹೊತ್ತೊಯ್ಯುವ ಅಣುಗಳು ಅರ್ಧವಾಗುತ್ತವೆ, ಆದರೆ ಒಂದಕ್ಕೊಂದು ಡಿಕ್ಕಿ ಹೊಡೆಯದೆ ಅವು ಓಡುವ ದೂರ ಎರಡರಷ್ಟಾಗುತ್ತದೆ. ಎರಡೂ ಸರಿತೂಗಿ ಶಾಖ ಸೋರುವ ವೇಗ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ಹೇಳಿದ್ದನ್ನು ವಿಯೆನ್ನಾದ ಸ್ಟೆಫಾನ್ ಅಳೆದು ಖಚಿತಪಡಿಸಿದ. ಆದ್ದರಿಂದ ಒಯ್ಯಿರಿ. ಡೋಲ್ಮಾ ಲಾದ ಗಾಳಿ ನೆಯ್ಗೆಯ ಸಂದಿಯಲ್ಲಿ ನುಗ್ಗದಂತೆ ಮೇಲೊಂದು ಗಾಳಿತಡೆ ಅಂಗಿ ಇರಲಿ, ಕಂಬಳಿಯನ್ನು ಚುಮುಚುಮು ಬೆಳಗಿಗಲ್ಲ, ಪರಿಕ್ರಮದ ಮೊದಲ ತಂಗುದಾಣ ದಿರಾಪುಕ್‌ನ ರಾತ್ರಿಗೆ ಇಟ್ಟುಕೊಳ್ಳಿ.