ಎ.ಸಿ. ತಂಪಾಗದಿದ್ದರೆ: ಗ್ಯಾಸ್ ತುಂಬಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಬೇಸಿಗೆ ಬಂತೆಂದರೆ ಅಂಗಡಿ, ಕಚೇರಿ ಹಾಗೂ ಮನೆಗಳ ವಿಂಡೋ ಎ.ಸಿ.ಗಳ ಬಗ್ಗೆ ಕೇಳಿಬರುವ ದೂರು ಒಂದೇ: ಯಂತ್ರ ಓಡುತ್ತದೆ, ಕೋಣೆ ತಂಪಾಗುವುದಿಲ್ಲ. ದೊರೆಯುವ ಉತ್ತರವೂ ಬಹುತೇಕ ಒಂದೇ: ‘ಗ್ಯಾಸ್ ಮುಗಿದಿದೆ, ತುಂಬಿಸಬೇಕು.’ ಈ ಮಾತನ್ನು ಒಪ್ಪಿ ಹಣ ತೆರುವ ಮುನ್ನ ಬಳಕೆದಾರರು ಕೆಲವು ವಿಷಯಗಳನ್ನು ತಿಳಿದಿರುವುದು ಒಳಿತು.

ಎ.ಸಿ.ಯೊಳಗಿನ ಅನಿಲವು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಾ, ಕೋಣೆಯ ಶಾಖವನ್ನು ಹೀರಿ ಹೊರಗೆ ಬಿಡುವುದು ಅದರ ಕೆಲಸ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಅದು ಮಾರಿ ಮುಗಿಯುವ ಸರಕಲ್ಲ, ಸುತ್ತುವ ಬಂಡವಾಳ. ಅದರ ಪ್ರಮಾಣ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ಗ್ಯಾಸ್ ತುಂಬಿಸುವುದು ತೂತಾದ ಕೊಡಕ್ಕೆ ನೀರು ಸುರಿದಂತೆ.

ನಾವೇ ನೋಡಬಹುದಾದವು

ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆಯತಕ್ಕದ್ದು. ಮುಂಭಾಗದ ಫಿಲ್ಟರನ್ನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಜೋಡಿಸಬೇಕು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡುವುದು ಸೂಕ್ತ. ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಫ್ಯಾನನ್ನು ಮಾತ್ರ ಓಡಿಸಿ ಕರಗಿಸಬೇಕು. ಫಿಲ್ಟರ್ ಮತ್ತು ಕಾಯಿಲ್ ಸ್ವಚ್ಛವಾಗಿದ್ದು, ಫ್ಯಾನ್ ಸರಿಯಾಗಿ ತಿರುಗುತ್ತಿದ್ದರೂ ಮಂಜು ಮರಳಿ ಕಟ್ಟಿದರೆ ಆಗ ಗ್ಯಾಸ್ ಸೋರಿಕೆಯನ್ನು ಶಂಕಿಸಬಹುದು.

ಯಂತ್ರದ ಹಿಂಭಾಗದ ಕಂಡೆನ್ಸರ್ ಧೂಳಿನಿಂದ ಮುಚ್ಚಿದ್ದರೂ, ಹೊರಗೆ ನಾಮಫಲಕ ಅಥವಾ ಗೋಡೆ ಅಡ್ಡವಿದ್ದರೂ ಶಾಖ ಹೊರಹೋಗದು. ಕಲಬುರಗಿ, ರಾಯಚೂರುಗಳ ಧೂಳಿನಲ್ಲಿ ಈ ತೊಂದರೆ ಹೆಚ್ಚು. ಕರಾವಳಿಯಲ್ಲಿ ಉಪ್ಪುಗಾಳಿಯು ಕಾಯಿಲನ್ನೇ ತಿನ್ನುತ್ತದೆ. ನೀರು ಒಳಗೆ ತೊಟ್ಟಿಕ್ಕಿದರೆ ಯಂತ್ರವು ಹೊರಗಡೆಗೆ ಸ್ವಲ್ಪ ಇಳಿಜಾರಾಗಿದೆಯೇ, ನೀರು ಹೋಗುವ ರಂಧ್ರ ಕಟ್ಟಿದೆಯೇ ಎಂದು ನೋಡಬೇಕು.

ಎಲೆಕ್ಟ್ರಿಷಿಯನ್‌ಗೆ ಬಿಡಬೇಕಾದವು

ಕಂಪ್ರೆಸರ್ ಗುಂಯ್‌ಗುಟ್ಟಿ, ಆರಂಭವಾಗದೆ ನಿಂತುಬಿಟ್ಟರೆ ವೋಲ್ಟೇಜ್ ಕೊರತೆ ಅಥವಾ ದುರ್ಬಲ ಕೆಪಾಸಿಟರ್ ಕಾರಣವಿರಬಹುದು. ಕಂಪ್ರೆಸರ್‌ಗೆ ಹೋಲಿಸಿದರೆ ಕೆಪಾಸಿಟರ್ ಅಲ್ಪ ಬೆಲೆಯ ಬಿಡಿಭಾಗ. ಅದನ್ನು ಬದಲಿಸದೆ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿದರೆ ಕಂಪ್ರೆಸರೇ ಸುಟ್ಟುಹೋಗುವ ಅಪಾಯವಿದೆ. ಪ್ಲಗ್ ತೆಗೆದ ನಂತರವೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ತಜ್ಞರಲ್ಲದವರು ಅದನ್ನು ಮುಟ್ಟಕೂಡದು. ವಿದ್ಯುತ್ ಹೋಗಿ ಬಂದಾಗ ಕನಿಷ್ಠ ಮೂರು ನಿಮಿಷ ಕಾಯುವುದು ಅಗತ್ಯ.

ಗ್ಯಾಸ್ ತುಂಬಿಸುವುದೇ ಆದರೆ

ಯಂತ್ರದ ಫಲಕದಲ್ಲಿ ಅನಿಲದ ಹೆಸರು ಹಾಗೂ ತೂಕ ನಮೂದಾಗಿರುತ್ತದೆ. ಹಳೆಯ ಯಂತ್ರಗಳಲ್ಲಿ ಆರ್-22, ಇತ್ತೀಚಿನ ಅನೇಕ ಯಂತ್ರಗಳಲ್ಲಿ ಆರ್-32 ಇರುತ್ತದೆ. ಆರ್-32 ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಗುಣವುಳ್ಳದ್ದು. ಆರ್-290 ಎಂಬುದು ಪ್ರೋಪೇನ್, ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಒಂದರ ಬದಲು ಇನ್ನೊಂದನ್ನು ತುಂಬಿಸಕೂಡದು. ದುರಸ್ತಿ ಮಾಡುವವರನ್ನು ಮೂರು ಪ್ರಶ್ನೆ ಕೇಳಬೇಕು: ಸೋರಿಕೆ ಎಲ್ಲಿತ್ತು, ಅದನ್ನು ಬೆಸೆದು ನೈಟ್ರೋಜನ್ ಒತ್ತಡದಿಂದ ಪರೀಕ್ಷಿಸಲಾಯಿತೇ? ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವವನ್ನು ತೆಗೆಯಲಾಯಿತೇ? ಗ್ಯಾಸನ್ನು ತೂಗಿ ತುಂಬಲಾಯಿತೇ? ಉತ್ತರಗಳನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಹೊಸ ಉಪಕರಣಗಳ ತಯಾರಿಕೆಯಲ್ಲಿ ಆರ್-22 ಬಳಕೆ ನಮ್ಮ ದೇಶದಲ್ಲಿ 2025ರ ಜನವರಿಯಿಂದ ನಿಂತಿದೆ. ಆದ್ದರಿಂದ ಅಂತಹ ಹಳೆಯ ಯಂತ್ರದ ಕಂಪ್ರೆಸರ್ ಕೆಟ್ಟಲ್ಲಿ, ದುರಸ್ತಿಯ ವೆಚ್ಚವನ್ನು ಹೊಸ ಯಂತ್ರದ ಬೆಲೆ ಮತ್ತು ವಿದ್ಯುತ್ ಉಳಿತಾಯದೊಡನೆ ತೂಗಿ ನೋಡಿ ನಿರ್ಧರಿಸುವುದು ಲೇಸು.