ಫೈರ್‌ವಾಲಿನಾಚೆಯ ಲೆಕ್ಕದ ಕಡತ

ಯಾದಗಿರಿಯ ಅಂಗಡಿಯ ಗಣಕಯಂತ್ರದಲ್ಲಿರುವ ಲೆಕ್ಕದ ಕಡತವನ್ನು ಶಹಾಪುರದ ಹತ್ತಿ ಮಿಲ್ಲಿನಿಂದಲೋ ಸುರಪುರದ ಗೋದಾಮಿನಿಂದಲೋ ತೆರೆಯಬಯಸುವ ವರ್ತಕರಿಗೆ ಮೊದಲು ಅಡ್ಡ ಬರುವುದು ಫೈರ್‌ವಾಲ್. ವಿಂಡೋಸ್‌ನ ಕಡತ ಹಂಚಿಕೆ ನಡೆಯುವುದು 445ನೇ ಟಿಸಿಪಿ ಪೋರ್ಟಿನ ಮೂಲಕ. ಒಂದೇ ಕಟ್ಟಡದೊಳಗಾದರೆ ತೊಡಕಿಲ್ಲ: ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಿ, ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ಗೆ ಅಷ್ಟಕ್ಕೇ ಅನುಮತಿ ನೀಡಿದರಾಯಿತು. ಆದರೆ ಹಲವರು ಫೈರ್‌ವಾಲನ್ನೇ ಆರಿಸಿಬಿಡುತ್ತಾರೆ. ಕೀಲಿಕೈ ಸಿಗಲಿಲ್ಲವೆಂದು ಗೋಡೆ ಕೆಡವಿದ ಹಾಗೆ.

ಊರಿಂದೂರಿಗೆ ಎಂದಾಗ ಅಪಾಯ ಹೆಚ್ಚು. ರೂಟರಿನಲ್ಲಿ 445ನ್ನು ಅಂತರಜಾಲಕ್ಕೆ ತೆರೆದಿಡುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪತಕ್ಕದ್ದಲ್ಲ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಜಗತ್ತಿನಾದ್ಯಂತ ಹಬ್ಬಿದ್ದು ಇದೇ ದಾರಿಯಿಂದ. ಅದರ ರಂಧ್ರ ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಹೊರಡಿಸಿತ್ತು. ಅಳವಡಿಸಿಕೊಳ್ಳದವರ ಕಡತಗಳಿಗೆ ಬೀಗ ಬಿದ್ದು, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಲಾಯಿತು.

ಸರಿಯಾದ ಮಾರ್ಗ ವಿಪಿಎನ್. ಎರಡೂ ಕಡೆಯ ರೂಟರುಗಳ ನಡುವೆ ಅದನ್ನು ಏರ್ಪಡಿಸಿದರೆ ಕಡತಗಳು ಗೂಢಲಿಪಿಯಲ್ಲೇ ಸಾಗುತ್ತವೆ, 445 ಹೊರಗಿನವರಿಗೆ ಕಾಣದು. ಸಂಪರ್ಕ ನಡುವೆ ಕಡಿದರೆ ಬರೆಯುತ್ತಿದ್ದ ಲೆಕ್ಕ ಕೆಡಬಹುದು. ಆದ್ದರಿಂದ ಲೆಕ್ಕದ ತಂತ್ರಾಂಶವನ್ನು ಯಾದಗಿರಿಯ ಯಂತ್ರದಲ್ಲೇ ನಡೆಸಿ, ಅದರ ಪರದೆಯನ್ನಷ್ಟೇ ವಿಪಿಎನ್ ಮೂಲಕ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡುವುದು ಮೇಲು. ಹಳೆಯ ಎಸ್‌ಎಂಬಿ-1 ಆವೃತ್ತಿಯನ್ನು ಆರಿಸಿಡತಕ್ಕದ್ದು. ಲೆಕ್ಕದ ಪ್ರತಿಯೊಂದನ್ನು ಜಾಲದಿಂದ ಬೇರ್ಪಟ್ಟ ಡಿಸ್ಕಿನಲ್ಲಿಯೂ ಇಟ್ಟಿರಬೇಕು.