ಹೀರದ ಹಾಳೆಯ ಮೇಲೊಂದು ನೀಹಾರಿಕೆ

ನಾನು ಚಿತ್ರ ಮಾಡುವ ಯೂಪೋ ಹಾಳೆಯಲ್ಲಿ ಮರದ ನಾರಿನ ಒಂದೆಳೆಯೂ ಇಲ್ಲ. ಜಪಾನಿನ ಈ ಸಿಂಥೆಟಿಕ್ ಕಾಗದ ಪಾಲಿಪ್ರೊಪಿಲೀನಿನದು. ಒದ್ದೆಯಾದರೆ ಸುರುಟುವುದಿಲ್ಲ, ಬಣ್ಣವನ್ನು ಹೀರುವುದೂ ಇಲ್ಲ. ಹೀಗಾಗಿ ಆಲ್ಕೋಹಾಲ್ ಇಂಕಿನ ಹನಿ ಬಿದ್ದದ್ದೇ ತಡ, ಮೇಲ್ಮೈಯಲ್ಲೇ ಹರಿದಾಡುತ್ತದೆ. ಒಣಗಿದ ಬಣ್ಣದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟರೆ ಅದು ಮತ್ತೆ ಕರಗಿ, ಅಂಚಿಗೆ ಸರಿದು, ನಡುವೆ ಬಿಳಿ ಬಯಲು ತೆರೆಯುತ್ತದೆ. ಆ ಗಾಢ ಅಂಚು ಕಂಡಾಗಲೆಲ್ಲ, ಸಿಡಿದ ನಕ್ಷತ್ರ ಹೊರಚೆಲ್ಲಿದ ಅನಿಲದ ಬಳೆಯೇ ನನ್ನ ಕಣ್ಣಿಗೆ ಬರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಹಬಲ್ ದೂರದರ್ಶಕ 1995ರಲ್ಲಿ ತೆಗೆದ ‘ಸೃಷ್ಟಿಯ ಕಂಬಗಳು’ ಛಾಯಾಚಿತ್ರ. ಸುಮಾರು 6,500 ಜ್ಯೋತಿರ್ವರ್ಷ ದೂರದ ಈಗಲ್ ನೀಹಾರಿಕೆಯಲ್ಲಿನ ಅನಿಲ, ಧೂಳಿನ ಕಂಬಗಳವು. ಚಿತ್ರದ ಬಣ್ಣಗಳನ್ನು ವಿಜ್ಞಾನಿಗಳೇ ಹಂಚಿದ್ದರು: ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ. ನಾನೂ ಆ ಮೂರು ಬಣ್ಣದ ಇಂಕುಗಳನ್ನಷ್ಟೇ ಇಟ್ಟುಕೊಂಡೆ. ಕಂಬಗಳ ಆಕಾರವನ್ನು ಮಾತ್ರ ಬೇಕೆಂದೇ ಬಿಟ್ಟೆ. ನಕಲು ಮಾಡಲು ಛಾಯಾಚಿತ್ರವೇ ಇದೆಯಲ್ಲ. ನನಗೆ ಬೇಕಿದ್ದದ್ದು ಅನಿಲದ ಚಲನೆ. ಹಾಳೆ ಓರೆಮಾಡಿ, ಲೆನ್ಸಿನ ಧೂಳು ಊದುವ ರಬ್ಬರ್ ಬುರುಡೆಯಿಂದ ಗಾಳಿ ಬಿಟ್ಟೆ.

2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅದೇ ಕಂಬಗಳನ್ನು ಅವಕೆಂಪು ಬೆಳಕಿನಲ್ಲಿ ತೋರಿಸಿತು. ಧೂಳು ತೆಳುವಾದಂತಾಗಿ ಅಸಂಖ್ಯ ನಕ್ಷತ್ರಗಳು ಕಂಡವು. ಅದನ್ನು ನೋಡಿದ ಮೇಲೆ ಬಣ್ಣ ಹಚ್ಚುವುದಕ್ಕಿಂತ ತೆಗೆಯುವುದರಲ್ಲೇ ನನಗೆ ಆಸಕ್ತಿ. ಆಲ್ಕೋಹಾಲಿನಲ್ಲಿ ಅದ್ದಿದ ಗಟ್ಟಿ ಬ್ರಷ್ಷಿನ ಎಳೆಗಳನ್ನು ಬೆರಳಿನಿಂದ ಮೀಟಿದರೆ, ಸಿಡಿದ ಪ್ರತಿ ಹನಿಯೂ ಒಂದು ಬೆಳ್ಳಿಚುಕ್ಕಿ.

ಇಂಥ ಚಿತ್ರ ಮಾಡುವವರು ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡವೇ ಬೇಡ. ಮುಗಿದ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಈ ಬಣ್ಣಗಳು ಬೇಗ ಮಾಸುತ್ತವೆ.